ಎರಡನೇ ಭಾಗದ ದನಿ

"ತಪ್ಪು ನಂಬರ್ ಹದಿನೇಳು, ನೌಕೆಯ ದನಿ!" ಎಂದು ಗಣಿತದ ಮೇಷ್ಟ್ರು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಮಧ್ಯಾಹ್ನದ ಆಟ ಈಗಷ್ಟೇ ಬಿಟ್ಟಿತ್ತು. ಚಿತ್ರಮಂದಿರದ ಪಕ್ಕದ ಚಹಾದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರು ವರ್ಷ ಕಾಯಿಸಿ ಬಂದ ಅಂತರಿಕ್ಷದ ಸಿನಿಮಾದ ಎರಡನೇ ಭಾಗ. ಮೊದಲನೆಯದನ್ನು ಮೇಷ್ಟ್ರು ಇಪ್ಪತ್ತೆರಡು ಸಲ ನೋಡಿದ್ದರು. ಇದರ ತಪ್ಪುಗಳನ್ನು ಕತ್ತಲಲ್ಲೇ ಒಂದು ಚೀಟಿಯಲ್ಲಿ ಗೀಚಿಕೊಂಡು ಬಂದಿದ್ದರು. ಎದುರಿಗೆ ಅವರ ತಂಗಿ, ಆಸ್ಪತ್ರೆಯ ನರ್ಸ್, ಡ್ಯೂಟಿ ಬಟ್ಟೆಯಲ್ಲೇ ಓಡಿ ಬಂದವಳು. ಅಣ್ಣನಷ್ಟೇ ಸಿನಿಮಾ ಹುಚ್ಚು. ಆದರೆ ಯಾವತ್ತೂ ಎದುರು ಪಕ್ಷ.

ಬೇರೆಲ್ಲೂ ಜಾಗ ಸಿಗದೆ ಅದೇ ಮೇಜಿನ ಮೂರನೇ ಕುರ್ಚಿಯಲ್ಲಿ ಕೂತಿದ್ದ ಐವತ್ತರ ಹೆಂಗಸು ತಲೆ ತಗ್ಗಿಸಿದರು. 'ಗುಬ್ಬಿ' ಎಂಬ ಆ ಮಾತಾಡುವ ನೌಕೆಗೆ ಎರಡೂ ಭಾಗಗಳಲ್ಲಿ ದನಿ ಕೊಟ್ಟವರು ಅವರೇ. ಎರಡು ಭಾಗಗಳ ನಡುವೆ ಅವರ ಗಂಟಲಲ್ಲೊಂದು ಗಂಟು ಬೆಳೆದಿತ್ತು. ಅದನ್ನು ಕತ್ತರಿಸಿ ತೆಗೆದ ಮೇಲೆ ಉಳಿದದ್ದು ಮರಳುಕಾಗದ ಉಜ್ಜಿದಂಥ ಸ್ವರ. ನಿರ್ದೇಶಕರು ಬಿಡದೆ ಅದರಲ್ಲೇ ಹೇಳಿಸಿದ್ದರು. ಮುಖ ಯಾರಿಗೂ ಗೊತ್ತಿರದ ಕೆಲಸ ಅದು. ಜನ ಏನನ್ನುತ್ತಾರೋ ಕೇಳೋಣ ಎಂದೇ ಇವತ್ತು ಒಬ್ಬರೇ ಬಂದಿದ್ದರು. ಈಗ ಕೇಳುತ್ತಿದ್ದರು.

"ಎಡಕ್ಕೆ ತೆಗೆಯೋ ಬಾಗಿಲು ಬಲಕ್ಕೆ ತೆಗೀತು, ಹೋಗ್ಲಿ ಅಂತ ಬಿಟ್ಟೆ. ಕ್ಯಾಪ್ಟನ್ ಹಣೆ ಮೇಲಿದ್ದ ಗಾಯ ಕೆನ್ನೆಗೆ ಇಳೀತು, ಅದನ್ನೂ ಬಿಟ್ಟೆ," ಮೇಷ್ಟ್ರು ಬಿಸಿಯೇರಿದ್ದರು. "ಆದ್ರೆ ಗುಬ್ಬಿ ದನಿ? ಮೊದಲ ಭಾಗದಲ್ಲಿ 'ನಾನಿದ್ದೀನಿ, ನಿದ್ದೆ ಮಾಡಿ' ಅಂದ್ರೆ ಮೈ ಜುಮ್ಮನ್ನೋದು. ಈಗ ಯಾರನ್ನೋ ನೆಗಡಿ ಹಿಡಿದೋರನ್ನ ತಂದು ಕೂರಿಸಿದ್ದಾರೆ. ಕೊನೇಲಿ ಹೆಸರು ಓದೋಣ ಅಂದ್ರೆ ದೀಪ ಹಾಕಿ ಓಡಿಸಿಬಿಟ್ರು!"

"ನೀನು ಸಿನಿಮಾ ನೋಡಿದ್ಯೋ, ಬರೀ ಗೀಚ್ತಾ ಕೂತಿದ್ಯೋ? ಎಲ್ಲರನ್ನೂ ಇಳಿಸಿಬಿಟ್ಟು ಗುಬ್ಬಿ ಒಂದೇ ನಲವತ್ತು ವರ್ಷ ಅಲೆದಿದೆ ಅಣ್ಣ. ಉಲ್ಕೆ ಹೊಡೆತ ತಿಂದಿದೆ. ದನಿ ಹಾಗೇ ಇದ್ದಿದ್ರೆ ಅದು ತಪ್ಪು."

"ಯಂತ್ರಕ್ಕೆಲ್ಲಿಯ ಗಂಟಲು ಕಣೆ?"

"ಯಂತ್ರ ಅಂತೀಯ, ಮಾತಾಡಿದ್ರೆ ಮೈ ಜುಮ್ಮನ್ನುತ್ತೆ ಅಂತಾನೂ ಅಂತೀಯ. ಮೊದ್ಲು ಒಂದು ಕಡೆ ನಿಲ್ಲು." ತಂಗಿ ಒಂದು ಗುಟುಕು ಕುಡಿದು ದನಿ ತಗ್ಗಿಸಿದಳು. "ಕ್ಯಾಪ್ಟನ್ ಮುದುಕನಾಗಿ ವಾಪಸ್ ಬಂದಾಗ ಗುಬ್ಬಿ 'ಬಂದ್ರಾ?' ಅನ್ನುತ್ತಲ್ಲ, ಅದೊಂದೇ ಮಾತು. ನಮ್ಮ ವಾರ್ಡಲ್ಲಿ ಗಂಟಲ ಆಪರೇಷನ್ ಆದೋರು ಮೊದಲ ಸಲ ಬಾಯಿ ಬಿಡೋದು ಹೀಗೇ. ದಿನಗಟ್ಟಲೆ ಹೆದರಿ ಸುಮ್ಮನಿರ್ತಾರೆ, ಆಮೇಲೆ ಒಂದೇ ಒಂದು ಮಾತು. ನನಗೆ ಅಳು ಬಂದಿದ್ದೇ ಅಲ್ಲಿ. ಹಳೇ ದನೀಲಿ ಹೇಳಿದ್ದಿದ್ರೆ ಬರೀ ಚೆನ್ನಾಗಿರ್ತಿತ್ತು, ಅಳು ಬರ್ತಿರಲಿಲ್ಲ."

ಮೇಷ್ಟ್ರು ಸೋಲುವವರಲ್ಲ. ಪಕ್ಕಕ್ಕೆ ತಿರುಗಿ, "ನೀವೇ ಹೇಳಿ ಮೇಡಂ, ನೀವೂ ನೋಡಿದ್ರಲ್ಲ. ಅದೇ ಗುಬ್ಬಿನಾ ಇದು?" ಎಂದರು.

ತಲೆಯಾಡಿಸಿ ಎದ್ದು ಹೋಗಬಹುದಿತ್ತು. ಹೆಂಗಸು ಲೋಟ ಕೆಳಗಿಟ್ಟರು.

"ಅದೇ," ಎಂದರು, ಆ ಒರಟು ಸ್ವರದಲ್ಲೇ. "ಬಾಗಿಲಿನದು, ಗಾಯದ್ದು ಮಾತ್ರ ನೀವು ಹೇಳಿದ್ದು ಸರಿ."

ತಂಗಿಯ ಕೈ ಬಾಯಿಗೆ ಹೋಯಿತು. ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ನೀವು..."

"ನೆಗಡಿ ಅಲ್ಲ, ಗಂಟಲು ಕೊಯ್ದಿದ್ದಾರೆ," ಹೆಂಗಸು ನಕ್ಕರು.

"ಛೆ, ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ."

"ಕೂತ್ಕೊಳ್ಳಿ." ಮೇಷ್ಟ್ರು ಕುರ್ಚಿ ಎತ್ತಿಟ್ಟು ಕೂತರು. "ನಿಮ್ಮ ಕಿವಿ ಸರಿಯಾಗೇ ಕೇಳಿದೆ. ನನಗೂ ಇದು ಇನ್ಯಾರದೋ ದನಿ ಅನ್ನಿಸುತ್ತೆ." ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಹೇಳಿದರು: "ಮೂರನೇ ಭಾಗಕ್ಕೆ ಸ್ಟುಡಿಯೋದವರು ಕಂಪ್ಯೂಟರಲ್ಲಿ ನನ್ನ ಹಳೇ ದನೀನೇ ಮಾಡಿಕೊಳ್ತಾರಂತೆ. ನಾನು ಹೋಗೋದೇ ಬೇಡವಂತೆ, ಹೂಂ ಅಂದ್ರೆ ಸಾಕಂತೆ. ಹೂಂ ಅನ್ನೋಣ ಅಂತಿದ್ದೆ."

"ಹಳೇ ದನಿ..." ಮೇಷ್ಟ್ರ ಕಣ್ಣು ಅರಳಿತು. ತಂಗಿ ಮೇಜಿನಡಿ ಅವರ ಕಾಲು ತುಳಿದಳು. ಅವರು ಅದನ್ನು ಗಮನಿಸಲಿಲ್ಲ. ಯಾವುದೋ ಲೆಕ್ಕ ಬಿಡಿಸುವವರಂತೆ ಚೀಟಿಯ ಅಂಚಿನಲ್ಲಿ ಗೀಚಿದರು, ಹೊಡೆದುಹಾಕಿದರು. ಕೊನೆಗೆ ತಲೆಯಾಡಿಸಿದರು. "ಇಲ್ಲ ಮೇಡಂ, ಲೆಕ್ಕ ಕೂಡಲ್ಲ. ಆ ನಲವತ್ತು ವರ್ಷ ಅಷ್ಟೆಲ್ಲ ಅನುಭವಿಸಿ, ಮಾರನೇ ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಗುಬ್ಬಿ ಹೇಗೆ ಮಾತಾಡುತ್ತೆ? ಹಾಗೆ ಮಾತಾಡಿದ್ರೆ ಆ ಕಷ್ಟ ಎಲ್ಲ ಸುಳ್ಳಾಗಲ್ವಾ?"

"ಇದನ್ನೇ ಅಲ್ವಾ ನಾನು ಆಗ್ಲಿಂದ ಬಡ್ಕೋತಿರೋದು!" ಎಂದು ತಂಗಿ ಕೂಗಿದ ಹೊಡೆತಕ್ಕೆ ಇಡೀ ಅಂಗಡಿ ತಿರುಗಿ ನೋಡಿತು. ಅಣ್ಣ ತಂಗಿ ಮತ್ತೆ ಶುರು ಹಚ್ಚಿಕೊಂಡರು.

ಹೆಂಗಸು ಮೆಲ್ಲನೆ ಎದ್ದು ಹೊರಗಿನ ಮೆಟ್ಟಿಲಿಗೆ ಬಂದರು. ಬಸ್ಸು, ಸ್ಕೂಟರುಗಳ ಗದ್ದಲದ ನಡುವೆಯೇ ಸ್ಟುಡಿಯೋಗೆ ಫೋನ್ ಮಾಡಿದರು.

"ಹಲೋ? ಯಾರು ಮಾತಾಡ್ತಿರೋದು? ಏನೂ ಕೇಳಿಸ್ತಿಲ್ಲ," ಎಂದಿತು ಆ ಕಡೆಯ ದನಿ. ಒಂದು ವರ್ಷದಿಂದ ಈ ಪ್ರಶ್ನೆ ಬಂದ ಕೂಡಲೇ ಅವರು ಫೋನ್ ಕಟ್ ಮಾಡಿ ಮೆಸೇಜ್ ಕಳಿಸುತ್ತಿದ್ದರು.

"ಕೇಳಿಸೋವರೆಗೂ ಹೇಳ್ತೀನಿ," ಎಂದರು ಅವರು. "ಫೋನ್ ಇಡಬೇಡಿ."