ದಾರವಿಲ್ಲದ ಬೂಟು

“ಆಲಿಕಲ್ಲಿನಿಂದ ನಮ್ಮ ಹೊಲಗಳನ್ನು ಕಾಪಾಡು” ಎಂದು ಪಾದ್ರಿಗಳು ಬೇಡಿಕೊಂಡಾಗ ಇಡೀ ಇಗರ್ಜಿ “ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸು” ಎಂದಿತು. ಎಮಿಲ್ ಮಾತ್ರ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿ ರೋಸಲಿ ಕೆಳಗೆ ಇಣುಕಿದಳು. ಅವನ ಬೂಟಿಗೆ ದಾರವೇ ಇರಲಿಲ್ಲ.

ಎಲ್ಲ ಆ ಸೋರುವ ಸೂರಿನ ಮಹಿಮೆ. ತೇಪೆ ಹಾಕಿದರೆ ಒಂದೆರಡು ವರ್ಷ ತಳ್ಳಬಹುದು, ಪೂರ್ತಿ ಹೊಸದು ಹಾಕಿಸಿದರೆ ಸಾಯುವ ತನಕ ಚಿಂತೆಯಿಲ್ಲ ಎಂದು ಕೆಲಸದವನು ನೋಡಿ ಹೇಳಿಹೋಗಿದ್ದ. ರೋಸಲಿಗೆ ಎರಡರಲ್ಲಿ ಯಾವುದಾದರೂ ಸರಿಯೇ, ಹಿಟ್ಟು ನಾದುವ ಮೇಜಿನ ಮೇಲಿನ ಬಕೆಟ್ಟು ತೊಲಗಿದರೆ ಸಾಕಿತ್ತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಎಮಿಲ್ ಎರಡನ್ನೂ ಒಲ್ಲೆನೆಂದ. ಹೋದ ವರ್ಷ ಆಲಿಕಲ್ಲು ಬಿದ್ದು ಎದುರು ಸಾಲಿನ ಮನೆಗಳಿಗೆಲ್ಲ ವಿಮೆಯವರು ಪುಕ್ಕಟೆಯಾಗಿ ಹೊಸ ಸೂರು ಹಾಕಿಸಿಕೊಟ್ಟಿದ್ದರು. ಆ ಮೋಡ ರಸ್ತೆ ದಾಟಿ ಈಚೆಗೆ ಬರಲಿಲ್ಲ. ಅದನ್ನವನು ತನಗಾದ ಅವಮಾನವೆಂದೇ ತಿಳಿದಿದ್ದ.

“ನಮ್ಗೂ ಒಂದು ಸರದಿ ಬರುತ್ತೆ ಕಣೆ, ಕಾಯೋಣ,” ಎಂದ, ಇಗರ್ಜಿಯಿಂದ ಮನೆಗೆ ಬರುವಾಗ.

“ನಿನ್ನ ಸರದಿ ಬಂದ್ ದಿನ ನಮ್ ತಮ್ಮನ ಜೋಳದ ಗತಿ?”

ಎಮಿಲ್ ಕಾರಿನ ರೇಡಿಯೋ ಹಾಕಿದ. ರೋಸಲಿಯ ತಮ್ಮ ಲ್ಯಾಂಬರ್ಟನ ಹೊಲ ಊರ ಮೂಡಣಕ್ಕಿತ್ತು. ಈ ನೆಬ್ರಾಸ್ಕಾದಲ್ಲಿ ಊರು ದಾಟಿದ ಮೋಡ ನೆಟ್ಟಗೆ ಹೋಗುವುದು ಅಲ್ಲಿಗೇ. ಇಗರ್ಜಿಯಲ್ಲಿ ಲ್ಯಾಂಬರ್ಟ್ ಕೂರುವುದೂ ಇವರ ಮುಂದಿನ ಬೆಂಚಿನಲ್ಲೇ.

ಗುರುವಾರ ಸಂಜೆ ಆಕಾಶ ಹಸಿರುಗಟ್ಟಿತು. ಎಮಿಲ್ ಜಗುಲಿಗೆ ಕುರ್ಚಿ ಎಳೆದುಕೊಂಡು ಮೆರವಣಿಗೆ ನೋಡುವವನಂತೆ ಕುಳಿತ. ಮೊದಲು ಬಟಾಣಿ ಗಾತ್ರದ ಕಲ್ಲು ಬಿದ್ದವು. ಇನ್ನೂ ದೊಡ್ಡವು ಬೀಳಲಿ ಎಂದು ಗೊಣಗಿದ. ಗೋಲಿಯಷ್ಟಾದವು. ಅಷ್ಟರಲ್ಲಿ ಮೋಡ ಇನ್ನಷ್ಟು ಕಪ್ಪಿಟ್ಟು ಮೂಡಣಕ್ಕೆ, ಲ್ಯಾಂಬರ್ಟನ ಹೊಲದ ದಾರಿ ಹಿಡಿಯಿತು. ಬಾಗಿಲಲ್ಲಿ ನಿಂತ ರೋಸಲಿ ನೋಡುತ್ತಿದ್ದಂತೆ ಎಮಿಲ್ ಎದ್ದ, ಟೊಪ್ಪಿ ತೆಗೆದ. “ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸು,” ಎಂದ, ಮೆಲ್ಲಗೆ, ಎರಡೆರಡು ಸಲ. ರೋಸಲಿಗೆ ಗಂಡನ ಮೇಲೆ ತುಂಬ ಪ್ರೀತಿ ಉಕ್ಕಿತು. ಹೇಳಲಿಲ್ಲ, ಹೇಳಿದರೆ ತಲೆಗೇರುತ್ತದೆ. ಸ್ವಲ್ಪ ಹೊತ್ತಿಗೆ ಕಲ್ಲು ನಿಂತು ಬರೀ ಮಳೆ ಉಳಿಯಿತು. ಲ್ಯಾಂಬರ್ಟನಿಗೆ ಫೋನ್ ಮಾಡಿದರೆ, ಜೋಳಕ್ಕೇನೂ ಆಗಿಲ್ಲ ಎಂದ. ಒಳಗೆ ಬಕೆಟ್ಟು ಟಪಟಪ ಎನ್ನುತ್ತಿತ್ತು.

“ದೇವ್ರು ನಿನ್ ಮಾತು ಕೇಳ್ದ. ನೀನಿನ್ನು ಬಕೆಟ್ಟಿನ್ ಮಾತು ಕೇಳು,” ಎಂದಳು ರೋಸಲಿ.

ಸ್ವಂತ ದುಡ್ಡಿನಲ್ಲೇ ಪೂರ್ತಿ ಹೊಸದು ಹಾಕಿಸಿದರು. ಕೊನೆಯ ಮೊಳೆ ಹೊಡೆದ ಮರುದಿನ ಭಾನುವಾರ. ಪಾದ್ರಿಗಳು ಆಲಿಕಲ್ಲಿನ ಮಾತೆತ್ತಿದ್ದೇ ತಡ, ಎಮಿಲ್ ದನಿಗೂಡಿಸಿದ ರಭಸಕ್ಕೆ ಯಾರದೋ ತೋಳಿನಲ್ಲಿ ಮಲಗಿದ್ದ ಮಗು ಬೆಚ್ಚಿಬಿದ್ದು ಅತ್ತಿತು. ಮುಂದಿನ ಬೆಂಚಿನಿಂದ ಲ್ಯಾಂಬರ್ಟ್ ನಿಧಾನವಾಗಿ ಹಿಂದಕ್ಕೆ ತಿರುಗಿದ.

“ಏನ್ ಭಾವ, ಸೂರು ಹೊಸದಾಯ್ತಾ?”