ದ್ವಿದಳ ವ್ರತಕ್ಕೆ ಒಗ್ಗುವ ರಕ್ತ

ವಾರಿಜಾಕ್ಷಿಯಮ್ಮನ ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಸಂಜೆಯೊಳಗೆ ರಕ್ತ ಏರಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿ ಹೋದ ಮೇಲೆ ನರ್ಸ್ ಜಲಜಾ ಕೆಂಪು ಚೀಲವೊಂದನ್ನು ಕಂಬಕ್ಕೆ ತೂಗುಹಾಕಿದಳು.

ಅಮ್ಮ ಕಣ್ಣು ತೆರೆದರು. "ಇದು ಯಾವುದರದ್ದು?"

"ನೆಲಗಡಲೆಯದ್ದು ಅಮ್ಮ. ಬೆಳಿಗ್ಗೆಯಷ್ಟೇ ಬೇರಿನ ಗಂಟಿನಿಂದ ಹಿಂಡಿದ್ದು. ಶುದ್ಧ ಸಸ್ಯಾಹಾರಿ."

"ತೆಗಿ ಮಾರಾಯ್ತಿ! ಇದು ಚಾತುರ್ಮಾಸ್ಯದ ನಾಲ್ಕನೇ ತಿಂಗಳು, ದ್ವಿದಳ ವ್ರತ. ಬೇಳೆಕಾಳು ಮುಟ್ಟಲಿಕ್ಕಿಲ್ಲ."

"ಹೋದ ತಿಂಗಳು ಅಲಸಂಡೆ ರಕ್ತ ಹಾಕುವಾಗ ನೀವು ಏನೂ ಹೇಳ್ಲಿಲ್ಲ?"

"ಹೋದ ತಿಂಗಳು ಹಾಲು ಬಿಡುವ ವ್ರತ. ಅಲಸಂಡೆಯಲ್ಲಿ ಹಾಲು ಉಂಟಾ?"

ಜಲಜಾ ಫ್ರಿಜ್ಜು ತೆರೆದು ನೋಡಿದಳು. ಉದ್ದು, ಹೆಸರು, ಹುರುಳಿ, ತೊಗರಿ. ಇದ್ದದ್ದೆಲ್ಲ ಬೇಳೆಕಾಳಿನ ರಕ್ತವೇ. ಬೇಳೆಕಾಳಿನ ಗಿಡಗಳ ಬೇರುಗಂಟಿನ ಕೆಂಪು ರಸವೇ ರಕ್ತದ ಕೆಲಸ ಮಾಡುತ್ತದೆಂದು ಗೊತ್ತಾದ ಮೇಲೆ, ಮನುಷ್ಯರಿಂದ ರಕ್ತ ತೆಗೆಯುವುದನ್ನು ಆಸ್ಪತ್ರೆಗಳು ಬಿಟ್ಟು ಹತ್ತು ವರ್ಷವಾಗಿತ್ತು.

"ಇನ್ನು ನನ್ನದೇ ಕೊಡ್ಬೇಕಷ್ಟೆ. ನಿಮ್ಮ ರಕ್ತದ ಗುಂಪೇ ನಂದೂ. ಆದ್ರೆ ಮೊದಲೇ ಹೇಳ್ತೇನೆ, ನಾನು ಮೀನು ತಿನ್ನುವವಳು. ಇವತ್ತು ಮಧ್ಯಾಹ್ನವೂ ಬಂಗುಡೆ ಸಾರು."

ಅಮ್ಮ ಮಲಗಿದಲ್ಲಿಂದಲೇ ಜಲಜಾಳತ್ತ ತಿರುಗಿದರು. ಅವರ ತುಟಿ ಬಿಳುಚಿತ್ತು.

"ಬಂಗುಡೆ ದ್ವಿದಳವಾ?"

"ಅಲ್ಲ ಅಮ್ಮ."

"ಸಾರಿಗೆ ಬೇಳೆ ಹಾಕಿದ್ದೀಯಾ?"

"ಮೀನಿಗೆ ಯಾರಾದ್ರೂ ಬೇಳೆ ಹಾಕ್ತಾರಾ!"

ವಾರಿಜಾಕ್ಷಿಯಮ್ಮ ಸೆರಗು ಸರಿಸಿ ತೋಳು ಚಾಚಿದರು. "ಹಾಗಾದ್ರೆ ವ್ರತಕ್ಕೆ ಅಡ್ಡಿಯಿಲ್ಲ. ಹಾಕು."