ಮಂಕಿ ಕ್ಯಾಪಿನ ಮೇಲೆ ಗೂಡು

ಹಕ್ಕಿ ನೋಡುವಾಗ ಅಲುಗಾಡಬಾರದು ಎಂಬ ನಿಯಮ ಮಾಡಿದವರು ನಾವೇ ಗೆಳೆಯರು. ಚಳಿಗಾಲದ ಆ ಬೆಳಿಗ್ಗೆ ಪಕ್ಷಿಧಾಮದ ಕೆರೆ ದಂಡೆಯಲ್ಲಿ ಅದನ್ನು ಸರಿಯಾಗಿ ಪಾಲಿಸಿದವನು ದೇವಯ್ಯ ಒಬ್ಬನೇ. ಹಾಗಾಗಿ ಕೊಕ್ಕರೆಯೊಂದು ಬಂದು ಅವನ ಮಂಕಿ ಕ್ಯಾಪಿನ ಮೇಲೆ ಕೂತಿತು.

“ಓಡಿಸ್ರೋ ಇದನ್ನ,” ಅವನು ತುಟಿ ಅಲುಗಿಸದೆ ಪಿಸುಗುಟ್ಟಿದ.

“ಸುಮ್ನಿರೋ, ಫೋಟೋ ಚೆನ್ನಾಗಿ ಬರ್ತಿದೆ.”

ಕೊಕ್ಕರೆ ಒಂದು ಕಡ್ಡಿ ತಂದಿತು. ಇನ್ನೊಂದು ತಂದಿತು. ಮಧ್ಯಾಹ್ನದ ಹೊತ್ತಿಗೆ ಗೂಡು ಕಟ್ಟಿ ಮುಗಿಸಿ ಮೊಟ್ಟೆಯನ್ನೂ ಇಟ್ಟಿತು.

“ಸೀನು ಬರ್ತಿದೆ ಕಣ್ರೋ, ಸತ್ತೇ ಹೋಗ್ತೀನಿ. ಗಾರ್ಡ್‌ನ ಕರೀರಿ!”

ಗಾರ್ಡ್ ಬಂದ. ದುರ್ಬೀನಿನಲ್ಲಿ ನೋಡಿದ. ದೇವಯ್ಯನ ಸುತ್ತ ಹಗ್ಗ ಕಟ್ಟಿ, “ಗೂಡಿನ ಹತ್ರ ಯಾರೂ ಹೋಗ್ಬೇಡಿ ಸಾರ್, ರೂಲ್ಸು” ಎಂದು ಹೊರಟುಹೋದ.

ದೇವಯ್ಯ ನಮಗೂ, ಗಾರ್ಡಿಗೂ, ಕೊಕ್ಕರೆಯ ವಂಶಕ್ಕೂ ಶಾಪ ಹಾಕಿದ, ಅದೂ ಪಿಸುದನಿಯಲ್ಲೇ.

ಸಂಜೆ ಕೊನೆಗೂ ಕೊಕ್ಕರೆ ಮೀನು ಹಿಡಿಯಲು ಹಾರಿಹೋಯಿತು. ನಾವು ಹಗ್ಗ ದಾಟಿ ಓಡಿದೆವು.

“ಗೂಡು ಮೆಲ್ಲಗೆ ಇಳಿಸ್ತೀವಿ, ಏಳೋ ಬೇಗ, ಮನೆಗೆ ಹೋಗೋಣ!”

ದೇವಯ್ಯ ಕಣ್ಣು ಮಾತ್ರ ತಿರುಗಿಸಿ ನಮ್ಮನ್ನು ಗದರಿದ:

“ದೂರ ನಿಂತ್ಕೊಳ್ರೋ! ಅವಳು ನನ್ನ ನಂಬಿ ಮೊಟ್ಟೆ ಬಿಟ್ಟುಹೋಗಿದ್ದಾಳೆ.”